ಗುಡ್ಡ ಏರಿದ ಪರದೇಶಿ ಗಿಡಗಳು: ಘಾಣೇರಿ, ರಾನಮೋಡಿ, ಕಾಂಗ್ರೆಸ್ ಕಸ



ಕಳೆದ ಮಳೆಗಾಲದ ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ಹಿರಿಯ ರೈತರೊಬ್ಬರು ಗುರುಮನೆಯ ಕಟ್ಟೆಯ ಹತ್ತಿರ ಕಾಯುತ್ತ ನಿಂತಿದ್ದರು. "ಫಾದರ್, ಆಕಳ ಕಣ್ಣು ಅರಿಶಿಣ ಆಗ್ಯಾವ್ರಿ. ಮೂರು ದಿನಾ ಆತು, ಮೇವು ಮುಟ್ಟವಲ್ತು. ಬಿಸಿಲಿಗೆ ತಂದ್ರ ಒದ್ದಾಡತೈತಿ" ಎಂದರು. ಜತ್ತ ಕಡೆಯಿಂದ ಹೊಸದಾಗಿ ಕೊಂಡು ತಂದ ಆಕಳು ಅದು. ನೆರೆಯವರು ದೃಷ್ಟಿ ತಾಗಿದೆ ಎಂದಿದ್ದರು, ಇನ್ನೊಬ್ಬರು ಯಾವುದೋ ಬೇರಿನ ಕಷಾಯ ಕುಡಿಸಿದ್ದರು. ದನದ ಡಾಕ್ಟರು ಬಂದು ಒಂದೇ ಪ್ರಶ್ನೆ ಕೇಳಿದರು: "ಎಲ್ಲಿ ಕಟ್ಟಿದ್ದಿರಿ?" ಗುಡ್ಡದ ಬದಿಗೆ, ಬೇಲಿಯ ಸಾಲಿನಲ್ಲಿ ಕಟ್ಟಿದ್ದರು. ಹಸಿದ ಆಕಳು ಬೇಲಿಯ ಘಾಣೇರಿಯನ್ನು ಹೊಟ್ಟೆ ತುಂಬ ತಿಂದಿತ್ತು. ನೆರಳಿನಲ್ಲಿ ಕಟ್ಟಿ ಔಷಧ ಮಾಡಿದರೂ ಆಕಳು ಉಳಿಯಲಿಲ್ಲ.

ಆ ದಿನ ಮನೆಗೆ ಮರಳಿದಾಗ ನನ್ನ ಕಣ್ಣಿಗೆ ಬಿದ್ದದ್ದು ನಮ್ಮದೇ ಗುರುಮನೆಯ ಅಂಗಳದ ಸಾಲು. ಕೆಂಪು, ಹಳದಿ, ಕಿತ್ತಳೆ ಬಣ್ಣದ ಸಣ್ಣ ಹೂಗೊಂಚಲು, ಅದೇ ಘಾಣೇರಿ. ನಾನೇ ನೆಡಿಸಿದ್ದು. ನೀರು ಬೇಡ, ಆಡು ಮುಟ್ಟುವುದಿಲ್ಲ, ವರ್ಷವೆಲ್ಲ ಹೂ ಬಿಡುತ್ತದೆ ಎಂದು ಬಂದವರಿಗೆಲ್ಲ ಹೊಗಳಿ ಹೇಳಿದ್ದೂ ನಾನೇ. ಆದ್ದರಿಂದ ಈ ತಿಂಗಳ ಅಂಕಣವನ್ನು ಉಪದೇಶವೆಂದು ಓದಬೇಡಿರಿ, ತಪ್ಪೊಪ್ಪಿಗೆ ಎಂದೇ ಓದಿರಿ.

ಘಾಣೇರಿ ಎಂದು ನಾವು ಮರಾಠಿಯಲ್ಲಿ ಕರೆಯುವ ಈ ಗಿಡಕ್ಕೆ ಕನ್ನಡ ಸೀಮೆಯಲ್ಲಿ ಲಂಟಾನ ಎಂಬ ಹೆಸರೇ ರೂಢಿಯಾಗಿದೆ. ಇದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಹೂದೋಟದ ಅಂದಕ್ಕೆಂದು ಇಂಗ್ಲಿಷರು 1800ರ ನಂತರದ ಮೊದಲ ದಶಕದಲ್ಲಿಯೇ ಇದನ್ನು ಕಲಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಅದು ದಂಡಿನ ಬಂಗಲೆಗಳ ಬೇಲಿಗೆ, ಬೇಲಿಯಿಂದ ಹಕ್ಕಿಯ ಹೊಟ್ಟೆಗೆ, ಹಕ್ಕಿಯ ಹೊಟ್ಟೆಯಿಂದ ಕಾಡಿಗೆ ಹೋಯಿತು. ಅದರ ಕಪ್ಪು ಹಣ್ಣನ್ನು ಪಿಕಳಾರ ಹಕ್ಕಿಗಳು ಬಹಳ ಇಷ್ಟಪಟ್ಟು ತಿನ್ನುತ್ತವೆ, ಬೀಜವನ್ನು ಮೈಲುದೂರ ಉದುರಿಸುತ್ತವೆ. ಭಾರತದ ಹುಲಿ ಕಾಡುಗಳ ಸಮೀಕ್ಷೆಯ ಆಧಾರದ ಮೇಲೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಆ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರಿನಷ್ಟು, ಅಂದರೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಭಾಗದಲ್ಲಿ, ಈ ಗಿಡ ಹಬ್ಬಿದೆ. ಒಂದು ಹೂಗಿಡ ಇಷ್ಟು ನೆಲವನ್ನು ಹಿಡಿದುಕೊಂಡಿತು.

"ಗುಡ್ಡದಾಗ ಏನ್ ಬೆಳದ್ರ ನಮಗೇನ್ರಿ ಫಾದರ್?" ಎಂದು ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ಪಶ್ಚಿಮ ತುದಿಯಲ್ಲಿ, ಶಿರಾಳಾ ತಾಲೂಕಿನ ಆಚೆ, ಚಾಂದೋಲಿ ಇದೆ. 2004ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 318 ಚದರ ಕಿಲೋಮೀಟರಿನ ಆ ಕಾಡು, ಕೊಯ್ನಾ ಅಭಯಾರಣ್ಯದ ಜೊತೆ ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಾರಣಾ ನದಿ ಹುಟ್ಟುವುದು ಅಲ್ಲಿ. ಅದೇ ವಾರಣೆ ನಮ್ಮ ಸಾಂಗಲಿಯ ಹತ್ತಿರ ಹರಿಪುರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಮ್ಮ ಕಬ್ಬು, ಅರಿಶಿಣ ಕುಡಿಯುವ ನೀರು ಆ ಗುಡ್ಡಗಳ ಮೇಲೆ ಬಿದ್ದ ಮಳೆಯದೇ. 2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಾಂದೋಲಿ, ಕೊಯ್ನಾ, ರಾಧಾನಗರಿ, ಕಾಸ ಪಠಾರ ಇವೆಲ್ಲ ಅದರೊಳಗೆ ಬಂದವು.

ಆ ಗುಡ್ಡಗಳ ಮೂಲ ಸಂಪತ್ತು ಏನೆಂದು ಘಟ್ಟದ ಕಡೆ ಬಂಧುಗಳಿರುವವರಿಗೆ ನಾನು ಹೇಳಬೇಕಾಗಿಲ್ಲ. ಹಿರಡಾ, ನೆಲ್ಲಿ, ನೇರಳೆ, ಅಂಜನಿ, ಕರವಂದ. ಏಳೆಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ಒಟ್ಟಿಗೆ ಹೂ ಬಿಡುವ ಕಾರವಿ, ಆ ವರ್ಷ ತುಂಬಿ ಬರುವ ಜೇನು. ಕಾರವಿಯ ಕೋಲು ಹೆಣೆದು ಸಗಣಿ ಮಣ್ಣು ಮೆತ್ತಿ ಗೋಡೆ ಕಟ್ಟುತ್ತಿದ್ದರು. ಸಡಾ ಎಂದು ಕರೆಯುವ ಜಂಬಿಟ್ಟಿಗೆ ಕಲ್ಲಿನ ಬಯಲುಗಳ ಮೇಲೆ ಬೆರಳು ದಪ್ಪದ ಮಣ್ಣಿನಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಅರಳುವ ಪುಟ್ಟ ಹೂಗಳಲ್ಲಿ ಕೆಲವು ಜಗತ್ತಿನ ಬೇರೆಲ್ಲಿಯೂ ಇಲ್ಲ. ಅಲ್ಲಲ್ಲಿ ಹುಲ್ಲುಗಾವಲು. ಊರುಗಳಿದ್ದ ಕಾಲಕ್ಕೆ ಅಲ್ಲಿ ದನ ಮೇಯುತ್ತಿದ್ದವು, ಈಗ ಕಾಡುಕೋಣ, ಕಡವೆ ಮೇಯಬೇಕು.

ಈ ಹುಲ್ಲುಗಾವಲಿನ ಜಾಗಕ್ಕೇ ಬಂದು ಕುಳಿತದ್ದು ಎರಡನೆಯ ಗಿಡ, ರಾನಮೋಡಿ. ಕರ್ನಾಟಕದಲ್ಲಿ ಕೆಲವರು ಇದನ್ನು ಯುಪಟೋರಿಯಂ ಎಂದೂ ಕಮ್ಯುನಿಸ್ಟ್ ಗಿಡವೆಂದೂ ಕರೆಯುತ್ತಾರೆ. (ನಮ್ಮ ಜನ ಕಳೆಗಳಿಗೆ ರಾಜಕೀಯ ಪಕ್ಷಗಳ ಹೆಸರಿಡುವುದರಲ್ಲಿ ಬಹಳ ಜಾಣರು.) ರಾನಮೋಡಿ ಎಂದರೆ ಕಾಡು ಮುರಿಯುವುದು, ಹೆಸರೇ ಎಲ್ಲವನ್ನೂ ಹೇಳುತ್ತದೆ. ಇದೂ ಅಮೆರಿಕದ್ದೇ. ಆಳೆತ್ತರಕ್ಕಿಂತ ಮೇಲೆ ಒತ್ತಾಗಿ ಬೆಳೆಯುತ್ತದೆ, ಚಳಿಗಾಲದಲ್ಲಿ ತಿಳಿ ಬಿಳುಪಿನ ಹೂ ಬಿಡುತ್ತದೆ, ಬೇಸಿಗೆಗೆ ಕೂದಲುಳ್ಳ ಬೀಜ ಗಾಳಿಗೆ ಹಾರುತ್ತದೆ, ನಮ್ಮ ಬಟ್ಟೆಗೂ ಗಾಡಿಯ ಗಾಲಿಗೂ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಕಡ್ಡಿಯ ರಾಶಿ ಸೀಮೆಎಣ್ಣೆ ಸುರಿದಂತೆ ಉರಿಯುತ್ತದೆ. ಆ ಬೆಂಕಿಯಲ್ಲಿ ಸುತ್ತಲಿನ ಎಳೆ ಸಸಿಗಳು ಸಾಯುತ್ತವೆ, ರಾನಮೋಡಿ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಅದರ ಎಲೆಯ ರಸ ಗಾಯದ ರಕ್ತ ನಿಲ್ಲಿಸುತ್ತದೆಂದು ದನಗಾಹಿಗಳು ಹಚ್ಚುತ್ತಾರೆ. ಅದಿರಲಿ, ದನ ಮಾತ್ರ ಅದನ್ನು ಮುಟ್ಟುವುದಿಲ್ಲ. ಬೇರೆ ಗತಿಯಿಲ್ಲದೆ ಎಳೆ ಚಿಗುರು ತಿಂದರೆ ಒಳಗಿನ ನೈಟ್ರೇಟ್ ವಿಷವಾಗುತ್ತದೆ. ಮೇವಿಲ್ಲದ ಕಾಡಿನಿಂದ ಕಾಡುಕೋಣ ಕೆಳಗಿಳಿದು ಕಬ್ಬಿನ ಹೊಲಕ್ಕೆ ನುಗ್ಗುವುದಕ್ಕೆ ಕಾರಣ ಇದೊಂದೇ ಎಂದು ನಾನು ಹೇಳಲಾರೆ, ಆದರೆ ಹುಲ್ಲು ಹೋದದ್ದು ಒಂದು ಕಾರಣವಂತೂ ಹೌದು.

ಇವು ಇಷ್ಟು ಸುಲಭವಾಗಿ ಗೆಲ್ಲುವುದು ಹೇಗೆ? ತವರಿನಲ್ಲಿ ಈ ಗಿಡಗಳ ಎಲೆ, ಹೂ, ಕಾಂಡ, ಬೀಜ ತಿನ್ನುವ ನೂರಾರು ಹುಳಗಳಿವೆ, ರೋಗಗಳಿವೆ. ಸಮುದ್ರ ದಾಟುವಾಗ ಗಿಡ ಮಾತ್ರ ಬಂತು, ಅದನ್ನು ತಿನ್ನುವವರು ಅಲ್ಲೇ ಉಳಿದರು. ಇಲ್ಲಿಯ ಕರವಂದಕ್ಕೆ, ಮಾರವೇಲ ಹುಲ್ಲಿಗೆ ತಿನ್ನುವವರು ಇದ್ದೇ ಇದ್ದಾರೆ. ಆಡು ತಿನ್ನುತ್ತದೆ, ಹುಳ ತಿನ್ನುತ್ತದೆ, ನಾವು ಕಡಿಯುತ್ತೇವೆ. ಘಾಣೇರಿಯನ್ನು ಯಾರೂ ತಿನ್ನದೆ ಇದ್ದಾಗ ಪ್ರತಿ ವರ್ಷ ತುಸು ತುಸು ಜಾಗ ಅದರದಾಗುತ್ತದೆ. ಜೊತೆಗೆ ಅದರ ಬೇರು, ಉದುರಿದ ಎಲೆಗಳಿಂದ ಹೊರಡುವ ರಸ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆ. ಅದರ ನೆರಳಿನ ಕೆಳಗೆ ನೆಲ್ಲಿಯ ಬೀಜ ಬಿದ್ದರೂ ಸಸಿ ಮೇಲೇಳುವುದು ಅಪರೂಪ. ದೊಡ್ಡ ಮರಗಳು ನಿಂತಿರುವುದರಿಂದ ದೂರದಿಂದ ಕಾಡು ಹಸಿರಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಮುಂದಿನ ಪೀಳಿಗೆಯ ಮರಗಳೇ ಇರುವುದಿಲ್ಲ. ಇವೆಲ್ಲಕ್ಕೂ ಮೊದಲು ನೆಲ ಕೆದಕಿದವರು ನಾವು. ರಸ್ತೆ ಕಡಿದಲ್ಲಿ, ಹೊರಗಿನ ಮಣ್ಣು ತಂದು ಸುರಿದಲ್ಲಿ, ಹೊಲ ಬೀಳು ಬಿಟ್ಟಲ್ಲಿ ಇವು ಮೊದಲು ಕಾಲಿಡುತ್ತವೆ.

ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಕಥೆ ಇಲ್ಲಿ ಹೇಳಲೇಬೇಕು. ಅಲ್ಲಿಯ ಸೋಲಿಗರು ಪ್ರತಿ ವರ್ಷ ಬೇಸಿಗೆ ಬಲಿಯುವ ಮುನ್ನ ಉದುರಿದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅವರ ಮಾತಿನಲ್ಲಿ ಅದು ತರಗು ಬೆಂಕಿ. ನೆಲಮಟ್ಟದಲ್ಲಿ ಬೇಗ ಹಾದುಹೋಗುವ ಆ ಬೆಂಕಿ ಎಳೆಯ ಲಂಟಾನವನ್ನು ಸುಟ್ಟು ಹುಲ್ಲಿಗೆ ದಾರಿ ಮಾಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿಯನ್ನು ನಿಲ್ಲಿಸಲಾಯಿತು. ಲಂಟಾನ ಹೆಚ್ಚಿತು ಎಂದು ಸೋಲಿಗರ ಹಿರಿಯರು ಹೇಳುತ್ತಲೇ ಬಂದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಅದು ಸುಮಾರು ಎರಡು ಪಟ್ಟು ಜಾಗಗಳಲ್ಲಿ ಕಂಡುಬಂತು. ಈಗ ಲಂಟಾನ ಬಲಿತು ಪೊದೆಯಾಗಿ ಮರದ ಮೇಲಕ್ಕೂ ಹತ್ತಿರುವುದರಿಂದ ಹಳೆಯ ತರಗು ಬೆಂಕಿ ಇಡಲೂ ಬರುವುದಿಲ್ಲ. ಇಟ್ಟರೆ ಅದು ಮರದ ತುದಿಗೆ ಏರುತ್ತದೆ. ಇದನ್ನು ಓದಿ ನಮ್ಮವರು ಯಾರೂ ಗುಡ್ಡಕ್ಕೆ ಬೆಂಕಿ ಹಚ್ಚಬಾರದು. ರಾನಮೋಡಿ ಇದ್ದಲ್ಲಂತೂ ಬೆಂಕಿ ಅದಕ್ಕೆ ಅನುಕೂಲವನ್ನೇ ಮಾಡುತ್ತದೆ.

ಹುಳವನ್ನು ತಂದು ಕಳೆಯನ್ನು ಗೆದ್ದ ಉದಾಹರಣೆ ಇದೆ. ನಮ್ಮ ಅಜ್ಜಂದಿರ ಕಾಲಕ್ಕೆ ದಖ್ಖನದ ಬೀಳು ಭೂಮಿಯನ್ನೆಲ್ಲ ಪಾಪಾಸಕಳ್ಳಿ ತಿಂದುಬಿಟ್ಟಿತ್ತು. ಅದೂ ಅಮೆರಿಕದ್ದು. 1926ರಲ್ಲಿ ಸಿಂಹಳದಿಂದ ಒಂದು ಜಾತಿಯ ಕೆಂಪು ಬಣ್ಣದ ಹಿಟ್ಟುತಿಗಣೆಯನ್ನು ತಂದು ಬಿಟ್ಟರು. ಐದಾರು ವರ್ಷಗಳಲ್ಲಿ ಕಳ್ಳಿಯ ರಾಶಿಗಳು ಕೊಳೆತು ಬಿದ್ದವು. ಆದರೆ ಲಂಟಾನದ ವಿಷಯದಲ್ಲಿ ಹಾಗಾಗಲಿಲ್ಲ. 1921ರಲ್ಲಿಯೇ ಹವಾಯಿ ದ್ವೀಪದಿಂದ ಅದರ ಹಣ್ಣು ಕೊರೆಯುವ ನೊಣವನ್ನು ತರಿಸಿದ್ದರು, ನಂತರವೂ ಬೇರೆ ಹುಳಗಳನ್ನು ತಂದರು. ಯಾವುದೂ ಅದನ್ನು ಹತೋಟಿಗೆ ತರಲಿಲ್ಲ.

ಇನ್ನು ಮೂರನೆಯದು, ನಿಮಗೆಲ್ಲ ಗೊತ್ತಿರುವ ಕಾಂಗ್ರೆಸ್ ಕಸ. ಮರಾಠಿಯಲ್ಲಿ ಗಾಜರ ಗವತ. ಇದನ್ನು ನಮ್ಮ ದೇಶದಲ್ಲಿ ಗಮನಕ್ಕೆ ತಂದದ್ದು 1955ರಲ್ಲಿ, ಪುಣೆಯಲ್ಲಿ. ಅಮೆರಿಕದ ಪಿ.ಎಲ್. 480 ಗೋಧಿಯ ಜೊತೆ ಬಂತೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಆದರೆ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರಲ್ಲಿ. ಗಿಡ ಅದಕ್ಕಿಂತ ಮೊದಲೇ ಇತ್ತು. ಅಮೆರಿಕದ ಗೋಧಿ 1951ರಲ್ಲಿಯೂ ಬಂದಿತ್ತು ಎಂಬುದು ನಿಜ, ಆದರೂ ಗೋಧಿಯ ತಲೆಯ ಮೇಲೆಯೇ ಎಲ್ಲ ಪಾಪವನ್ನು ಹೊರಿಸುವುದು ನ್ಯಾಯವಲ್ಲ. ಮೊದಲು ಇದು ಊರ ತಿಪ್ಪೆ, ರೈಲು ಹಳಿಯ ಬದಿಯ ಗಿಡವಾಗಿತ್ತು. ಈಗ ಘಟ್ಟದ ರಸ್ತೆಗಳ ಅಂಚಿನಲ್ಲಿ, ಪ್ರವಾಸಿಗರ ವಾಹನ ನಿಲ್ಲುವ ಬಯಲುಗಳಲ್ಲಿ ಗುಡ್ಡ ಹತ್ತುತ್ತಿದೆ. ಒಂದು ಗಿಡ ಹತ್ತರಿಂದ ಇಪ್ಪತ್ತೈದು ಸಾವಿರ ಬೀಜ ಬಿಡಬಲ್ಲದು. ಮೊಳೆತ ತಿಂಗಳು, ತಿಂಗಳೂವರೆಯಲ್ಲಿ ಹೂವಾಗುತ್ತದೆ. ಹಸಿ ಇದ್ದರೆ ವರ್ಷವೆಲ್ಲ ಅದಕ್ಕೆ ಹಂಗಾಮೇ.

ಇದರ ವಿಷಯದಲ್ಲಿ ಆರೋಗ್ಯದ ಮಾತನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಧರ್ಮಕೇಂದ್ರದಲ್ಲಿಯೇ ಒಬ್ಬರು ಇದರಿಂದಾಗಿ ಹೊಲಕ್ಕೆ ಹೋಗುವುದನ್ನೇ ಬಿಡಬೇಕಾಯಿತು. ಐವತ್ತರ ಮನುಷ್ಯ, ಕಬ್ಬಿನ ಕೆಲಸದಲ್ಲಿ ಯಾರಿಗೂ ಸೋಲದವರು. ಮೊದಲು ಕಣ್ಣಿನ ರೆಪ್ಪೆ ಕೆಂಪಾಗಿ ತುರಿಸಿತು, ಆಮೇಲೆ ಕುತ್ತಿಗೆ, ಮೊಣಕೈಯ ಮಡಿಕೆ. ಮಳೆಗಾಲಕ್ಕೆ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಅಂಗಡಿಯಿಂದ ಸ್ಟಿರಾಯ್ಡ್ ಮುಲಾಮು ತಂದು ಎರಡು ವರ್ಷ ಹಚ್ಚಿದರು. ಹಚ್ಚಿದಾಗ ಇಳಿಯುವುದು, ಬಿಟ್ಟರೆ ಏರುವುದು. ಕೊನೆಗೆ ಮುಖದ ಚರ್ಮವೆಲ್ಲ ದಪ್ಪಗಾಗಿ, ಕಪ್ಪಾಗಿ, ಬಿಸಿಲನ್ನೇ ತಾಳದಂತಾಯಿತು. ಚರ್ಮವೈದ್ಯರು ಪರೀಕ್ಷೆ ಮಾಡಿ ಹೇಳಿದ್ದು ಕಾಂಗ್ರೆಸ್ ಕಸದ ಅಲರ್ಜಿ ಎಂದು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಣ ಪುಡಿಯಾಗಿ ಗಾಳಿಯಲ್ಲಿ ತೇಲಿ ಮೈಗೆ ತಾಗುತ್ತದೆ. ಗಿಡವನ್ನು ಮುಟ್ಟಲೇಬೇಕೆಂದಿಲ್ಲ. ವರ್ಷಗಟ್ಟಲೆ ಏನೂ ಆಗದೆ ಇದ್ದವರಿಗೂ ಒಮ್ಮೆ ಶುರುವಾದರೆ ಅದು ಸುಲಭವಾಗಿ ಬಿಡುವುದಿಲ್ಲ. ಕೆಲವರಿಗೆ ಸೀನು, ಮೂಗು ಸೋರುವುದು, ದಮ್ಮು ಕೂಡ ಬರುತ್ತದೆ.

ಆದ್ದರಿಂದ ಕಸ ಕೀಳುವಾಗ ತುಂಬುತೋಳಿನ ಅಂಗಿ, ಕೈಗೆ ಗವಸು ಅಥವಾ ಪ್ಲಾಸ್ಟಿಕ್ ಚೀಲ, ಮೂಗು ಬಾಯಿಗೆ ಒದ್ದೆ ವಸ್ತ್ರ ಇರಲಿ. ಮನೆಗೆ ಬಂದ ಕೂಡಲೆ ಸಾಬೂನಿನಿಂದ ತೊಳೆದುಕೊಂಡು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಈಗಾಗಲೇ ತುರಿಕೆ ಇರುವವರು ಈ ಕೆಲಸಕ್ಕೆ ಹೋಗಲೇಬಾರದು. ಅವರಿರುವ ಮನೆಯ ಹತ್ತಿರ ಒಣಗಿದ ಗಿಡ ಸುಡಬೇಡಿರಿ. ಮುಲಾಮನ್ನು ವೈದ್ಯರು ಹೇಳಿದಷ್ಟೇ ದಿನ ಹಚ್ಚಿರಿ. ಬರಗಾಲದಲ್ಲಿ ಮೇವಿನ ಜೊತೆ ಈ ಕಸ ಸೇರಿ ದನದ ಹೊಟ್ಟೆಗೆ ಹೋದರೆ ಹಾಲು ಕಹಿಯಾಗುತ್ತದೆ. ಜತ್ತ, ಕವಠೆ ಮಹಾಂಕಾಳ ಕಡೆಯವರಿಗೆ ಇದರ ಅನುಭವವಿದ್ದೀತು.

ಕಾಂಗ್ರೆಸ್ ಕಸಕ್ಕೂ ಒಂದು ಹುಳವಿದೆ. ಮೆಕ್ಸಿಕೊದಿಂದ 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಟ್ಟ ದುಂಬಿ. ಕೆನೆ ಬಣ್ಣದ ರೆಕ್ಕೆ, ಮೇಲೆ ಕಂದು ಗೆರೆಗಳು, ಹೆಸರು ಕಾಳಿಗಿಂತ ತುಸು ದೊಡ್ಡದು. ಮಳೆಗಾಲದಲ್ಲಿ ಎಲೆಯನ್ನೆಲ್ಲ ತಿಂದು ಗಿಡವನ್ನು ಬರಿ ಕಡ್ಡಿ ಮಾಡುತ್ತದೆ, ಆಮೇಲೆ ಮಣ್ಣಿನೊಳಗೆ ಮಲಗುತ್ತದೆ. ಸೂರ್ಯಕಾಂತಿಯ ಎಲೆ ತಿನ್ನುತ್ತದೆ ಎಂದು 1990ರ ಸುಮಾರಿಗೆ ಕರ್ನಾಟಕದಲ್ಲಿ ದೊಡ್ಡ ಗುಲ್ಲಾಯಿತು. ತಜ್ಞರು ಪರಿಶೀಲಿಸಿ ಬೆಳೆಗೆ ಭಯವಿಲ್ಲವೆಂದರು. ಆದ್ದರಿಂದ ನಿಮ್ಮ ಬದುವಿನಲ್ಲಿ ಆ ದುಂಬಿ ಕಂಡರೆ ಔಷಧ ಹೊಡೆಯಬೇಡಿರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು ಇನ್ನೊಂದು ದಾರಿ ತೋರಿಸಿದ್ದರು: ಕ್ಯಾಸಿಯ ಸೆರಿಸಿಯ ಎಂಬ ತಂಗಡಿ ಜಾತಿಯ ಗಿಡವನ್ನು ರಸ್ತೆಬದಿಗೆ ಬಿತ್ತಿದರೆ ಅದು ಕಾಂಗ್ರೆಸ್ ಕಸವನ್ನು ಏಳಗೊಡುವುದಿಲ್ಲ. ಊರ ಬದಿಗೆ ಇದು ಸರಿ. ಆದರೆ ಆ ಗಿಡವೂ ಅಮೆರಿಕದ್ದೇ ಆದ್ದರಿಂದ ಗುಡ್ಡದ ಮೇಲೆ ಅದನ್ನು ಎರಚುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಕಳೆನಾಶಕದ ಬಗ್ಗೆ ಒಂದೇ ಮಾತು. ಬದುವಿನ ಕಸಕ್ಕೆಂದು ಟೂ-ಫೋರ್-ಡಿ ಹೊಡೆಯುವವರು ಗಾಳಿಯ ದಿಕ್ಕನ್ನು ನೋಡುವುದಿಲ್ಲ. ದ್ರಾಕ್ಷಿಯ ಬಳ್ಳಿಗೆ ಅದರ ಆವಿ ತಾಗಿದರೂ ಸಾಕು, ಚಿಗುರು ಮುರುಟುತ್ತದೆ. ತಾಸಗಾಂವ, ಮಿರಜ ಭಾಗದ ದ್ರಾಕ್ಷಿ ಬೆಳೆಗಾರರಲ್ಲಿ ಇದರಿಂದ ಹುಟ್ಟಿದ ಜಗಳ ಬಿಡಿಸಲು ನಾನೇ ಒಮ್ಮೆ ಎರಡು ಮನೆಗಳ ನಡುವೆ ಓಡಾಡಿದ್ದೇನೆ.

ಕೀಳುವ ಕ್ರಮ. ಕಾಂಗ್ರೆಸ್ ಕಸ ಮತ್ತು ರಾನಮೋಡಿಯನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ, ಹೂವಿಗೆ ಮೊದಲು, ಬೇರುಸಹಿತ ಕೀಳಬೇಕು. ಹೂವಿಲ್ಲದ್ದನ್ನು ತಿಪ್ಪೆಗೆ ಹಾಕಬಹುದು, ಒಳ್ಳೆಯ ಗೊಬ್ಬರವಾಗುತ್ತದೆ. ಕಳೆಯನ್ನು ಸುಗ್ಗಿಯವರೆಗೆ ಬಿಡಿರಿ ಎಂದು ಸುವಾರ್ತೆಯ ಸಾಮತಿಯಲ್ಲಿ ಯಜಮಾನ ಹೇಳಿದ್ದನ್ನು ಒಬ್ಬ ಯುವಕ ನನಗೆ ನೆನಪಿಸಿದ. ಆ ಸಾಮತಿ ಮನುಷ್ಯರ ಬಗ್ಗೆ, ತಮ್ಮಾ. ಕಾಂಗ್ರೆಸ್ ಕಸವನ್ನು ಸುಗ್ಗಿಯವರೆಗೆ ಬಿಟ್ಟರೆ ಮುಂದಿನ ವರ್ಷ ಬಿತ್ತುವುದಕ್ಕೇ ಜಾಗ ಇರುವುದಿಲ್ಲ.

ಘಾಣೇರಿಯನ್ನು ಕುಡಗೋಲಿನಿಂದ ಮೇಲೆ ಕಡಿದರೆ ಒಂದರ ಜಾಗದಲ್ಲಿ ಹತ್ತು ಚಿಗುರು ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ತಿಳಿಸಿದ ರೀತಿ ಹೀಗಿದೆ: ಗುದ್ದಲಿಯಿಂದ ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ ತುಸು ಕೆಳಗೆ ತಾಯಿಬೇರನ್ನು ಕಡಿಯಬೇಕು. ಚಿಗುರುವ ಶಕ್ತಿ ಇರುವುದು ಬುಡದ ಆ ಭಾಗದಲ್ಲಿಯೇ. ಎತ್ತಿದ ಪೊದೆಯನ್ನು ತಲೆಕೆಳಗಾಗಿ, ಬೇರು ಮೇಲಾಗಿ ಇಟ್ಟು ಒಣಗಿಸಬೇಕು, ಮಣ್ಣು ತಾಗಿದರೆ ಮತ್ತೆ ಬೇರು ಬಿಡುತ್ತದೆ. ಖಾಲಿಯಾದ ಜಾಗವನ್ನು ಹಾಗೆಯೇ ಬಿಟ್ಟರೆ ದುಡಿದದ್ದೆಲ್ಲ ವ್ಯರ್ಥ. ಮಾರವೇಲ, ಪವನ್ಯಾದಂಥ ನಮ್ಮ ಹುಲ್ಲಿನ ಬೀಜ ಚೆಲ್ಲಬೇಕು. ಹಕ್ಕಿ ಕೂರುವ ಮರಗಳ ಕೆಳಗೆ ಎರಡು ಮೂರು ವರ್ಷ ಹೊಸ ಸಸಿಗಳನ್ನು ಹುಡುಕಿ ಕೀಳುತ್ತಿರಬೇಕು. ಕಡ್ಡಿ ವ್ಯರ್ಥವಲ್ಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ತೊಗಟೆ ತೆಗೆದು ಬೆತ್ತದಂತೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ನೀಲಗಿರಿಯ ಗುಡಲೂರು ಕಡೆಯ ಆದಿವಾಸಿಗಳು ಲಂಟಾನದ ಕಡ್ಡಿಯಿಂದ ಕಟ್ಟಿದ ನಿಜವಾದ ಆನೆಗಳಷ್ಟೇ ದೊಡ್ಡ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು.

ಸರ್ಕಾರಿ ಕಾಡಿನೊಳಗೆ ಹೋಗಿ ಏನನ್ನೂ ಕೀಳಬೇಡಿರಿ, ಅದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನಿಮ್ಮ ಬದು, ಬೇಲಿ, ಊರ ಗಾಯರಾಣ ಭೂಮಿ ಸಾಕು ಮೊದಲಿಗೆ. ದನಕ್ಕೆ ಘಾಣೇರಿ ವಿಷ ತಾಗಿದ್ದರೆ ಲಕ್ಷಣ ಇವು: ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಕಣ್ಣು ಹಳದಿ, ಮೂತಿ ಒಣಗಿ ಬಿರುಕು, ಬಿಳಿ ಚರ್ಮದ ಭಾಗ ಬಿಸಿಲಿಗೆ ಸುಟ್ಟಂತೆ ಸುಲಿಯುವುದು. ಕೂಡಲೆ ಕತ್ತಲೆಯ ಗೋದಲಿಯಲ್ಲಿ ಕಟ್ಟಿ, ನೀರು ಕೊಟ್ಟು, ಡಾಕ್ಟರನ್ನು ಕರೆಯಿರಿ. ವಿಷದಿಂದ ಹೊಟ್ಟೆಯ ಚಲನೆಯೇ ನಿಲ್ಲುವುದರಿಂದ ತಿಂದ ಎಲೆ ಒಳಗೇ ಉಳಿದು ದಿನಗಟ್ಟಲೆ ವಿಷ ಬಿಡುತ್ತಿರುತ್ತದೆ, ತಡಮಾಡಿದಷ್ಟೂ ಕೆಡುಕು. ಹೊಸದಾಗಿ ತಂದ ದನಕ್ಕೆ ಈ ಗಿಡ ಗೊತ್ತಿರುವುದಿಲ್ಲ, ಹಸಿವಿನಲ್ಲಿ ಅದನ್ನು ಬೇಲಿಗೆ ಕಟ್ಟಬೇಡಿರಿ.

ಗುರುಮನೆಯ ಘಾಣೇರಿ ಸಾಲನ್ನು ನಾವು ಆರು ಜನ ಎರಡು ಶನಿವಾರ ಕೂಡಿ ಅಗೆದು ತೆಗೆದೆವು. ಆಕಳು ಕಳೆದುಕೊಂಡ ಹಿರಿಯರೇ ಗುದ್ದಲಿ ಹಿಡಿದು ಮುಂದೆ ನಿಂತಿದ್ದರು. ಆ ಜಾಗದಲ್ಲಿ ಜೂನಿನಲ್ಲಿ ಕರವಂದದ ಬೀಜ ಹಾಕಿದ್ದೇವೆ, ಈಗ ಗೇಣುದ್ದ ಬಂದಿವೆ. ಹುಣಸೆ ಮರದ ಕೆಳಗೆ ಮಾತ್ರ ಪ್ರತಿ ವಾರ ನಾಲ್ಕೈದು ಘಾಣೇರಿ ಸಸಿ ಏಳುತ್ತಲೇ ಇವೆ. ಸಂಜೆ ಜಪಸರ ಮುಗಿಸಿ ಬಾಗಿ ಅವನ್ನು ಕಿತ್ತುಹಾಕುತ್ತೇನೆ. ಕರವಂದದ ಬೀಜ ಇನ್ನೂ ಒಂದು ಡಬ್ಬಿಯಷ್ಟು ಉಳಿದಿದೆ, ಬೇಕಾದವರು ಭಾನುವಾರ ಬಂದು ಒಯ್ಯಿರಿ.